ಜಾಲಾನುಕರಣ ತಂತ್ರಾಂಶಗಳಲ್ಲಿ ಗ್ರಂಥಿಸೃಷ್ಟಿಯ ಕ್ರಮ

೧

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಉಳವಿ ಎಂಬ ಊರುಂಟು. ಅದು ಒಂದು ಹೋಬಳಿಯ ಮುಖ್ಯಸ್ಥಾನ. ಉತ್ತರಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿಯೂ ಉಳವಿ ಎಂಬ ಕ್ಷೇತ್ರವುಂಟು; ಚೆನ್ನಬಸವಣ್ಣನವರ ಐಕ್ಯಸ್ಥಳವೆಂದು ನಾಡಿಗೆಲ್ಲ ತಿಳಿದಿರುವುದು ಈ ಎರಡನೆಯದು. ಇಲ್ಲಿ ಹೆಸರು ಒಂದು, ಊರು ಎರಡು. ಉಳವಿಗೆ ನೆರೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಇದಕ್ಕೆ ಪ್ರತಿಯಾದ ನಿದರ್ಶನವು ದೊರೆಯುವುದು. ಬಳ್ಳಿಗಾವೆಯು ಶಾಸನಗಳಲ್ಲಿ ಬಳ್ಳಿಗ್ರಾಮವೆಂದೂ ಬಲ್ಲಿಪುರವೆಂದೂ ಬರುವುದು. ಜನರ ಬಾಯಲ್ಲಿ ಬೆಳಗಾಮಿಯೂ ಆಗಿದ್ದಿತು. ಅಲ್ಲಿ ಹೆಸರು ಹಲವು, ಊರು ಒಂದು. ಹೆಸರಿನಿಂದಲೇ ಊರನ್ನು ಗುರುತಿಸಹೊರಟವನು ಒಂದು ಎಡೆಯಲ್ಲಿ ಎರಡನ್ನು ಒಂದೆಂದು ಭ್ರಮಿಸುವನು. ಇನ್ನೊಂದೆಡೆಯಲ್ಲಿ ಒಂದನ್ನು ಹಲವೆಂದು ಎಣಿಸುವನು. ಈ ಎರಡು ತಪ್ಪುಗಳನ್ನೂ ನಿವಾರಿಸಿಕೊಳ್ಳುವುದು ಸ್ಥಳನಾಮವಿಚಾರದಲ್ಲಿ ಮೊದಲನೆಯ ಪಾಠವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ.

ಇದೇ ಪಾಠವನ್ನು ಬೇರೊಂದು ಶಾಸ್ತ್ರವು ಕಳೆದ ನಾಲ್ಕು ದಶಕಗಳಲ್ಲಿ ತನ್ನದೇ ದಾರಿಯಲ್ಲಿ ಕಲಿತುಕೊಂಡಿರುವುದು. ಅದು ಗಣಕಯಂತ್ರಗಳ ಜಾಲವನ್ನು ಗಣಕಯಂತ್ರದೊಳಗೇ ಅನುಕರಿಸಿ ಪರೀಕ್ಷಿಸುವ ಶಾಸ್ತ್ರ. ಜಾಲದಲ್ಲಿ ಮಾತನ್ನು ಕಳುಹಿಸುವ, ಪಡೆಯುವ, ಅಥವಾ ಮುಂದಕ್ಕೆ ಸಾಗಿಸುವ ಪ್ರತಿಯೊಂದು ಎಡೆಗೂ 'ನೋಡ್' ಎಂದು ಹೆಸರು. ಗಂಟು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದಿರುವುದರಿಂದ ಇದನ್ನು ಗ್ರಂಥಿಯೆನ್ನಬಹುದು. ಬಲೆಗೆ ಗಂಟು ಹೇಗೋ ಜಾಲಕ್ಕೆ ಗ್ರಂಥಿ ಹಾಗೆ. ತಂತ್ರಾಂಶದ ಒಳಗನ್ನು ಮುಟ್ಟದೆ, ಅದರ ಕರ್ತರು ಗೊತ್ತುಮಾಡಿಕೊಟ್ಟ ವಚನಗಳ ಮೂಲಕವೇ ಅದರಿಂದ ಕೆಲಸವನ್ನು ಪಡೆಯತಕ್ಕದ್ದು. ಈ ನಿಯತ ವಚನಗಳ ಸಮೂಹಕ್ಕೆ 'ಎ.ಪಿ.ಐ.' ಎಂದು ವ್ಯವಹಾರ. ಗ್ರಂಥಿಯನ್ನು ಯಾವ ವಚನದಿಂದ ಸೃಷ್ಟಿಸಬೇಕೆಂಬುದು ಗುಮಾಸ್ತೆಗಿರಿಯ ಅಲ್ಪವಿಷಯವೆಂಬ ಭಾವನೆಯು ಸುಲಭವಾಗಿ ಹುಟ್ಟುವುದು. ಈ ವಚನಗಳು ಕಾಲಕ್ರಮದಲ್ಲಿ ಹೇಗೆ ಮಾರ್ಪಟ್ಟುವು, ಮಾರ್ಪಡಲು ಕಾರಣವೇನು ಎಂಬುದನ್ನು ಪರಿಶೀಲಿಸಿದರೆ ಆ ಭಾವನೆಯು ನಿಲ್ಲುವುದಿಲ್ಲ.

೨

ಜಾಲವನ್ನು ಅನುಕರಿಸಿ ನೋಡಬೇಕಾದ ಅವಶ್ಯಕತೆಯು ಹೇಗೆ ಒದಗಿತೆಂಬುದನ್ನು ಮೊದಲು ತಿಳಿಯಬೇಕು. ೧೯೮೬ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿಯ ವಿಶ್ವವಿದ್ಯಾನಿಲಯಕ್ಕೂ ನಡುವೆ ಜಾಲಸಂಚಾರವು ಹಠಾತ್ತಾಗಿ ಕುಸಿಯಿತು. ಎರಡು ಸ್ಥಳಗಳಿಗೂ ಇದ್ದ ದೂರ ಸುಮಾರು ೪೦೦ ಗಜ. ಸೆಕೆಂಡಿಗೆ ೩೨,೦೦೦ ಬಿಟ್ಟುಗಳಷ್ಟಿದ್ದ ಸಾಗಣೆಯು ೪೦ಕ್ಕೆ ಇಳಿಯಿತು; ಎಂದರೆ ಎಂಟುನೂರರಲ್ಲಿ ಒಂದು ಪಾಲು ಮಾತ್ರ ಉಳಿಯಿತು. ವ್ಯಾನ್ ಜೇಕಬ್ಸನ್ನರು ಇದರ ಕಾರಣವನ್ನೂ ಪರಿಹಾರವನ್ನೂ ೧೯೮೮ರಲ್ಲಿ ಪ್ರಕಟಿಸಿದರು. ನಡೆಯುತ್ತಿರುವ ಜಾಲದ ಮೇಲೆಯೇ ಹೊಸ ನಿಯಮಗಳನ್ನು ಪ್ರಯೋಗಿಸುವುದು ಎಷ್ಟು ಅಪಾಯಕರವೆಂಬುದೂ, ಮೊದಲು ಕೃತಕಜಾಲದಲ್ಲಿ ಅವುಗಳ ಗುಣದೋಷಗಳನ್ನು ಅರಿಯಬೇಕೆಂಬುದೂ ಇಂತಹ ಸಂದರ್ಭಗಳಿಂದ ಸ್ಪಷ್ಟವಾಯಿತು.

ಈ ಕಾಲಕ್ಕೆ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ 'ನೆಸ್ಟ್' ಎಂಬ ಅನುಕರಣ ಸಾಧನವು ಸಿದ್ಧವಾಗಿದ್ದಿತು. ಅದನ್ನು ಆಧಾರವಾಗಿಟ್ಟುಕೊಂಡು, ದೆಹಲಿಯ ಐ.ಐ.ಟಿ.ಯಲ್ಲಿ ಓದಿ ಬರ್ಕ್‌ಲಿಯಲ್ಲಿ ಸಂಶೋಧನೆ ನಡೆಸುತ್ತಿದ್ದ ಎಸ್. ಕೇಶವ್ ಅವರು ೧೯೮೮ರಲ್ಲಿ 'ರಿಯಲ್' ಎಂಬ ಅನುಕರಣ ತಂತ್ರಾಂಶವನ್ನು ರಚಿಸಿದರು. 'ರಿಯಲ್'ನಲ್ಲಿ ಗ್ರಂಥಿಸೃಷ್ಟಿಯು ವರ್ಣನಾರೂಪವಾಗಿದ್ದಿತು. ಪ್ರಯೋಗಕರ್ತನು ತನ್ನ ಜಾಲದ ಆಕಾರವನ್ನೂ ಅದರ ಹೊರೆಯನ್ನೂ ನಿಯಮಗಳನ್ನೂ 'ನೆಟ್‌ಲಾಂಗ್ವೇಜ್' ಎಂಬ ಸರಳವಾದ ಲಿಪಿಭಾಷೆಯಲ್ಲಿ ಬರೆದು ಒಪ್ಪಿಸುತ್ತಿದ್ದನು. ಗ್ರಂಥಿಗಳು ಉಂಟಾಗುವುದು ಆ ವರ್ಣನೆಯನ್ನು ತಂತ್ರಾಂಶವು ಓದಿದ ಬಳಿಕ. ದಾನಶಾಸನದಲ್ಲಿ ಸೀಮೆಯನ್ನು ಹೇಳಿ ಊರನ್ನು ಗೊತ್ತುಮಾಡುವಂತೆ, ಇಲ್ಲಿಯೂ ಸಮಗ್ರಚಿತ್ರವೇ ಮೊದಲು, ಬಿಡಿಯಾದ ಗ್ರಂಥಿಯು ಅನಂತರ. ವರ್ಣನೆಯು ಒಂದೇ ಪತ್ರದಲ್ಲಿರುವುದರಿಂದ ಗ್ರಂಥಿಯ ಗುರುತು ಕೆಡುವ ಸಂಭವವು ಕಡಿಮೆ. ಆದರೆ ಪ್ರಯೋಗದ ನಡುವೆ ಹೊಸತೊಂದನ್ನು ಕಲ್ಪಿಸುವ ಸ್ವಾತಂತ್ರ್ಯವೂ ಅಷ್ಟೇ ಕಡಿಮೆ.

೩

'ರಿಯಲ್'ನ ಒಂದು ರೂಪಾಂತರವೇ ಮುಂದೆ 'ಎನ್.ಎಸ್.' ಎಂಬ ಹೆಸರಿನಿಂದ ಪ್ರಸಿದ್ಧಿಗೆ ಬಂದಿತು. ೧೯೯೫ರಿಂದ ಸ್ಟೀವನ್ ಮೆಕೇನ್, ಸ್ಯಾಲಿ ಫ್ಲಾಯ್ಡ್, ಕೆವಿನ್ ಫಾಲ್ ಮೊದಲಾದವರು ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಅದನ್ನು ಬೆಳೆಯಿಸಿದರು. ಇವರು ವರ್ಣನೆಯನ್ನು ಬಿಟ್ಟು ಆಜ್ಞೆಯನ್ನು ಹಿಡಿದರು. 'ಟಿಕಲ್' ಭಾಷೆಯಲ್ಲಿ ಒಂದು ಸಾಲನ್ನು ಬರೆದರೆ ಒಂದು ಗ್ರಂಥಿಯು ಹುಟ್ಟುವುದು. ಇನ್ನೊಂದು ಸಾಲಿನಿಂದ ಇನ್ನೊಂದು. ಎರಡನೆಯ ಆವೃತ್ತಿಯಾದ 'ಎನ್.ಎಸ್.-೨'ರಲ್ಲಿ ಒಳಗಿನ ಯಂತ್ರವೆಲ್ಲ 'ಸಿ ಪ್ಲಸ್ ಪ್ಲಸ್'ನಲ್ಲಿಯೂ ಹೊರಗಿನ ಆಜ್ಞೆಗಳೆಲ್ಲ 'ಓಟಿಕಲ್'ನಲ್ಲಿಯೂ ರಚಿತವಾಗಿ, ಕೆಲಸವು ಎರಡು ಭಾಷೆಗಳಿಗೆ ಹಂಚಿಹೋಯಿತು.

ಈ ಆವೃತ್ತಿಯಲ್ಲಿಯೇ ಯುಕ್ತವಚನದ ಪ್ರಶ್ನೆಯು ಮೊದಲು ತಲೆದೋರಿರುವುದು. ಇಲ್ಲಿ ಮೊದಲು 'ಸಿಮ್ಯುಲೇಟರ್' ಎಂಬ ಒಂದು ವಸ್ತುವನ್ನು ಉಂಟುಮಾಡಿ, ಬಳಿಕ ಆ ವಸ್ತುವಿಗೆ 'ನೋಡ್' ಎಂದು ಆಜ್ಞಾಪಿಸಬೇಕು. ಆಗ ಸಿಮ್ಯುಲೇಟರು ಗ್ರಂಥಿಯನ್ನು ಸೃಷ್ಟಿಸಿ, ಅದರ ಸಂಖ್ಯೆಯ ಎದುರಿಗೆ ಅದನ್ನು ತನ್ನ ಪಟ್ಟಿಯಲ್ಲಿ ದಾಖಲೆಮಾಡಿಕೊಳ್ಳುವುದು. ಭಾಷೆಯ ಸಾಮಾನ್ಯ ನಿಯಮವನ್ನು ಬಲ್ಲವನೊಬ್ಬನು 'ನ್ಯೂ ನೋಡ್' ಎಂದು ನೇರವಾಗಿ ಬರೆದರೂ ಒಂದು ಗ್ರಂಥಿಯು ಹುಟ್ಟುವುದು ದಿಟ. ಆದರೆ ಅದು ಪಟ್ಟಿಗೆ ಏರುವುದಿಲ್ಲ. ಪ್ಯಾಕೆಟ್ಟುಗಳ ಮಾರ್ಗವನ್ನು ಗೊತ್ತುಮಾಡುವಾಗ ತಂತ್ರಾಂಶವು ಗ್ರಂಥಿಯನ್ನು ಹುಡುಕುವುದು ಆ ಪಟ್ಟಿಯಲ್ಲಿ. ಅಲ್ಲಿಲ್ಲದ ಗ್ರಂಥಿಯು ಇದ್ದೂ ಇಲ್ಲದುದರ ಸಮಾನ.

ಶಾಸನಾಭ್ಯಾಸಿಗಳಿಗೆ ಇದರ ತಾತ್ಪರ್ಯವು ಸುಲಭವಾಗಿ ಹೊಳೆಯತಕ್ಕದ್ದು. ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟವನ್ನು ೧೯೦೨ರಲ್ಲಿಯೂ ಎಂಟನೆಯ ಸಂಪುಟವನ್ನು ೧೯೦೪ರಲ್ಲಿಯೂ ಹೊರತಂದರು. ಮೊದಲನೆಯದರಲ್ಲಿ ಶಿಕಾರಿಪುರದ, ಎರಡನೆಯದರಲ್ಲಿ ಸೊರಬದ ಶಾಸನಗಳು ತಾಲ್ಲೂಕುವಾರಾಗಿ ಸಂಖ್ಯೆಗೊಂಡಿವೆ. ತಾಳಗುಂದದ ಕದಂಬ ಸ್ತಂಭಶಾಸನವು ಅಂದಿನಿಂದ 'ಶಿಕಾರಿಪುರ ೧೭೬' ಎಂದು ಉಲ್ಲೇಖಗೊಳ್ಳುತ್ತ ಬಂದಿದೆ. ಕಲ್ಲು ಐದನೆಯ ಶತಮಾನದ್ದು. ೧೭೬ ಎಂಬುದು ಅದರ ಪ್ರಾಚೀನತೆಯನ್ನಾಗಲಿ ಮಹತ್ತ್ವವನ್ನಾಗಲಿ ಹೇಳುವುದಿಲ್ಲ, ಅದು ದಾಖಲೆಯಾದ ಕ್ರಮವನ್ನಷ್ಟೇ ಹೇಳುವುದು. ಆದರೆ ಆ ಸಂಖ್ಯೆಯು ದೊರೆತುದರಿಂದಲೇ ದೂರದ ವಿದ್ವಾಂಸನೂ ಆ ಕಲ್ಲನ್ನು ಬೇರೊಂದರೊಡನೆ ಬೆರಸದೆ ಚರ್ಚಿಸಲು ಸಾಧ್ಯವಾಯಿತು. ಸಂಪುಟವನ್ನು ಸೇರದ ಕಲ್ಲು ಹೊಲದ ಬದುವಿನಲ್ಲಿ ನಿಂತಿದ್ದರೂ ಚರ್ಚೆಗೆ ಬರುವುದಿಲ್ಲ. ಅನುಕರಣ ತಂತ್ರಾಂಶದಲ್ಲಿಯೂ ಗ್ರಂಥಿಗೆ ದೊರೆಯುವುದು ಇಂತಹ ಸಂಖ್ಯೆಯೇ: ಅದು ಗುಣವಾಚಕವಲ್ಲ, ಗುರುತಿನ ಆಧಾರ. ಆದುದರಿಂದ ಸೃಷ್ಟಿಯೆಂದರೆ ಹುಟ್ಟಿಸುವುದು ಮಾತ್ರವಲ್ಲ, ಹುಟ್ಟಿಸಿ ದಾಖಲೆಮಾಡುವುದು ಎಂಬ ತತ್ತ್ವವು ಇಲ್ಲಿ ಸಿದ್ಧವಾಯಿತು.

೪

ಎರಡನೆಯ ತೊಡಕು ನಿಸ್ತಂತುಜಾಲಗಳಿಂದ ಬಂದಿತು. ೧೯೯೦ರ ದಶಕದ ಕೊನೆಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ 'ಮೊನಾರ್ಕ್' ತಂಡದವರು ಚಲಿಸುವ ಗ್ರಂಥಿಗಳನ್ನು ಎನ್.ಎಸ್.ಗೆ ಸೇರಿಸಿದರು. ಆಗ ಪ್ರತಿಯೊಂದು ಮಾರ್ಗನಿಯಮಕ್ಕೂ ಒಂದೊಂದು ಬೇರೆ ಸೃಷ್ಟಿವಚನವು ಬಳಕೆಯಲ್ಲಿದ್ದಿತು: 'ಡಿ.ಎಸ್.ಡಿ.ವಿ.' ನಿಯಮದ ಗ್ರಂಥಿಗೆ ಒಂದು, 'ಡಿ.ಎಸ್.ಆರ್.' ನಿಯಮದ ಗ್ರಂಥಿಗೆ ಮತ್ತೊಂದು. ಹೊಸ ನಿಯಮವೊಂದು ಬಂದೊಡನೆ ಹೊಸ ವಚನವೊಂದನ್ನು ಕಲ್ಪಿಸಬೇಕಾಗುತ್ತಿದ್ದಿತು. ಗುಣವು ಬೇರೆಯಾದಷ್ಟಕ್ಕೆ ಜಾತಿಯೇ ಬೇರೆಯೆಂದು ತಿಳಿಯುವುದರ ಫಲವಿದು.

ಇದನ್ನು ಸರಿಪಡಿಸಲು ಎನ್.ಎಸ್.-೨ರ ಕರ್ತರು ಕಾರ್ಯವನ್ನು ಎರಡಾಗಿ ವಿಂಗಡಿಸಿದರು. 'ನೋಡ್-ಕಾನ್ಫಿಗ್' ಎಂಬ ವಚನದಿಂದ ಮೊದಲು ಗುಣಗಳನ್ನು ಗೊತ್ತುಮಾಡತಕ್ಕದ್ದು. ಬಳಿಕ ಹಿಂದಿನ ಸಾಮಾನ್ಯ ವಚನದಿಂದಲೇ ಗ್ರಂಥಿಯನ್ನು ಸೃಷ್ಟಿಸತಕ್ಕದ್ದು. ಹಳೆಯ ವಚನಗಳು ಹೀಗೆ ಹಿಂದೆ ಸರಿದುವು. ಆದರೆ ಹೊಸ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ನೋಡ್-ಕಾನ್ಫಿಗ್ ಹೇಳಿದ ಗುಣಗಳು ಆಗಲೇ ಹುಟ್ಟಿರುವ ಗ್ರಂಥಿಗಳಿಗೆ ಅಂಟುವುದಿಲ್ಲ. ಮುಂದೆ ಹುಟ್ಟುವವುಗಳಿಗೆಲ್ಲ, ಮತ್ತೊಂದು ವಚನವು ಬಂದು ಅದನ್ನು ಬದಲಿಸುವವರೆಗೆ, ಅಂಟುತ್ತಲೇ ಇರುವುವು. ವ್ಯಾಕರಣವನ್ನು ಬೋಧಿಸುವವರಿಗೆ ಇದು ಪರಿಚಿತವಾದ ಸಂಗತಿ. ಪಾಣಿನೀಯದ ಅಧಿಕಾರಸೂತ್ರವು ತಾನಾಗಿ ಯಾವ ಪದವನ್ನೂ ಸಾಧಿಸದೆ, ಮುಂದಿನ ಸೂತ್ರಗಳಲ್ಲಿ ಅನುವರ್ತಿಸಿ ಅವುಗಳ ಅರ್ಥವನ್ನು ನಿಯಮಿಸುವುದಷ್ಟೆ. ಅಧಿಕಾರವು ಎಲ್ಲಿಗೆ ಮುಗಿಯಿತೆಂದರಿಯದವನು ಸೂತ್ರಾರ್ಥದಲ್ಲಿ ಎಡವುವಂತೆ, ಇಲ್ಲಿಯೂ ಎಡವುವುದುಂಟು. ತಂತಿಯ ಜಾಲಕ್ಕೂ ನಿಸ್ತಂತುಜಾಲಕ್ಕೂ ಸೇತುವಾಗಿರುವ ಬೇಸ್ ಸ್ಟೇಷನ್ನುಗಳನ್ನು ಸೃಷ್ಟಿಸುವಾಗ ತಂತಿಯ ಮಾರ್ಗವಿರಲಿ ಎಂದು ವಿಧಿಸಬೇಕು. ಅವು ಮುಗಿದ ಬಳಿಕ, ಚಲಿಸುವ ಗ್ರಂಥಿಗಳನ್ನು ಸೃಷ್ಟಿಸುವ ಮುನ್ನ, ಆ ವಿಧಿಯನ್ನು ತೆಗೆಯಬೇಕು. ತೆಗೆಯಲು ಮರೆತರೆ ಚಲಿಸುವ ಗ್ರಂಥಿಗಳೂ ತಂತಿಯ ಮಾರ್ಗವುಳ್ಳವುಗಳಂತೆ ರಚಿತವಾಗುವುವು.

೫

ಮೂರನೆಯ ಘಟ್ಟವು 'ಎನ್.ಎಸ್.-೩'. ಇದರ ಕೆಲಸವು ೨೦೦೬ರಲ್ಲಿ ಮೊದಲಾಗಿ ೨೦೦೮ರಲ್ಲಿ ಮೊದಲ ಆವೃತ್ತಿಯು ಹೊರಬಂದಿತು. ಟಾಮ್ ಹೆಂಡರ್ಸನ್, ಜಾರ್ಜ್ ರೈಲಿ, ಸ್ಯಾಲಿ ಫ್ಲಾಯ್ಡ್, ಸುಮಿತ್ ರಾಯ್ ಮೊದಲಾದವರೂ ಫ್ರಾನ್ಸಿನ 'ಇನ್ರಿಯಾ' ಸಂಸ್ಥೆಯವರೂ ಇದರಲ್ಲಿ ಶ್ರಮಿಸಿದರು. ಹೆಸರಿನಲ್ಲಿ ಮೂರನೆಯದಾದರೂ ಇದು ಎರಡನೆಯದರ ಮುಂದುವರಿಕೆಯಲ್ಲ. ಅಲ್ಲಿ ಬರೆದ ಪ್ರಯೋಗಗಳು ಇಲ್ಲಿ ನಡೆಯುವುದಿಲ್ಲ. ಹೆಸರಿನ ಸಾಮ್ಯದಿಂದ ಮೋಸಹೋಗಬಾರದೆಂಬುದಕ್ಕೆ ಇದು ಮತ್ತೊಂದು ನಿದರ್ಶನ.

ಎನ್.ಎಸ್.-೩ರಲ್ಲಿ ಗ್ರಂಥಿಯು ಹುಟ್ಟುವಾಗ ಬರಿಯ ಕವಚ. ಅದಕ್ಕೆ ಜಾಲಸಾಧನವನ್ನೂ ಪ್ರೋಟೋಕಾಲುಗಳನ್ನೂ ವಿಳಾಸವನ್ನೂ ಆಮೇಲೆ ಒಂದೊಂದಾಗಿ ತೊಡಿಸಬೇಕು. ಸೃಷ್ಟಿಗೆ ಎರಡು ವಚನಗಳು ಯುಕ್ತವೆನಿಸಿವೆ. ಒಂದೊಂದಾಗಿ ಬೇಕಾದರೆ 'ಕ್ರಿಯೇಟ್ ಆಬ್ಜೆಕ್ಟ್'. ಗುಂಪಾಗಿ ಬೇಕಾದರೆ 'ನೋಡ್ ಕಂಟೈನರ್' ಎಂಬ ಸಂಪುಟವನ್ನು ಮಾಡಿಕೊಂಡು ಅದಕ್ಕೆ 'ಕ್ರಿಯೇಟ್' ಎಂದು ಸಂಖ್ಯೆಯೊಡನೆ ಆಜ್ಞಾಪಿಸುವುದು. ಸಂಪುಟವು ಒಳಗೆ ಮೊದಲನೆಯ ವಚನವನ್ನೇ ಬಳಸುವುದು. ಇವೆರಡಲ್ಲದೆ ಬರಿಯ 'ಕ್ರಿಯೇಟ್' ಎಂಬ ಮೂರನೆಯದೊಂದು ಇದೆ. ಅದು ಪ್ಯಾಕೆಟ್ಟಿನಂತಹ ಲಘುವಸ್ತುಗಳಿಗೆ ಮೀಸಲು. ಗ್ರಂಥಿಯು 'ಆಬ್ಜೆಕ್ಟ್' ಎಂಬ ಮೂಲವರ್ಗಕ್ಕೆ ಸೇರಿದುದು. ತನ್ನ ಜಾತಿಯನ್ನು ಅರಿತು, ಗುಣಗಳ ಆರಂಭದ ಬೆಲೆಗಳನ್ನು ಪಡೆದುಕೊಂಡು ಹುಟ್ಟತಕ್ಕದ್ದು. ಆ ಸಂಸ್ಕಾರವು ಕ್ರಿಯೇಟ್ ಆಬ್ಜೆಕ್ಟಿನಿಂದ ಮಾತ್ರ ಆಗುವುದು. ಈ ವರ್ಗದ ವಸ್ತುಗಳನ್ನು 'ನ್ಯೂ' ಎಂದು ನೇರವಾಗಿ ಹುಟ್ಟಿಸಕೂಡದೆಂದು ಕೈಪಿಡಿಯಲ್ಲಿಯೇ ನಿಷೇಧವಿದೆ.

ಸಂಪುಟದ ವಿಚಾರದಲ್ಲಿ ಇನ್ನೊಂದು ಭೇದವನ್ನು ಗಮನಿಸಬೇಕು. 'ಕ್ರಿಯೇಟ್' ಎಂಬುದು ಹೊಸ ಗ್ರಂಥಿಯನ್ನು ಹುಟ್ಟಿಸಿ ಸಂಪುಟದಲ್ಲಿಡುವುದು. 'ಆಡ್' ಎಂಬುದು ಆಗಲೇ ಇರುವ ಗ್ರಂಥಿಯನ್ನು ಸಂಪುಟಕ್ಕೆ ಸೇರಿಸುವುದು. ಒಂದೇ ಗ್ರಂಥಿಯು ಎರಡು ಸಂಪುಟಗಳಲ್ಲಿರಬಹುದು. ಉದಾಹರಣೆಗಾಗಿ ಒಂದು ಜಾಲವನ್ನು ಊಹಿಸಬಹುದು. ಶಿಕಾರಿಪುರದಿಂದ ಸೊರಬಕ್ಕೆ ಒಂದು ನೇರ ಸಂಪರ್ಕ. ಸೊರಬ, ಉಳವಿ, ಆನವಟ್ಟಿ, ಚಂದ್ರಗುತ್ತಿ ಈ ನಾಲ್ಕಕ್ಕೂ ಸೇರಿದಂತೆ ಒಂದು ಸಮುದಾಯಜಾಲ. ಮೊದಲ ಸಂಪುಟದಲ್ಲಿ ಎರಡು ಗ್ರಂಥಿಗಳನ್ನು ಕ್ರಿಯೇಟ್ ಮಾಡಬೇಕು. ಎರಡನೆಯದಕ್ಕೆ ಸೊರಬವನ್ನು ಆಡ್ ಮಾಡಿ, ಮಿಕ್ಕ ಮೂರನ್ನು ಮಾತ್ರ ಕ್ರಿಯೇಟ್ ಮಾಡಬೇಕು. ಒಟ್ಟು ಗ್ರಂಥಿಗಳು ಐದು. ಶಿಕಾರಿಪುರದ ಪ್ಯಾಕೆಟ್ಟು ಸೊರಬವನ್ನು ಹಾದು ಉಳವಿಯನ್ನು ಮುಟ್ಟುವುದು. ಎರಡನೆಯ ಸಂಪುಟದಲ್ಲಿ ನಾಲ್ಕು ಊರುಗಳಿವೆಯೆಂದು ನಾಲ್ಕನ್ನೂ ಕ್ರಿಯೇಟ್ ಮಾಡಿದರೆ ಗ್ರಂಥಿಗಳು ಆರಾಗುವುವು. ಪ್ರಯೋಗಕರ್ತನ ಮನಸ್ಸಿನಲ್ಲಿ ಸೊರಬವು ಒಂದೇ, ಯಂತ್ರದಲ್ಲಿ ಎರಡು. ಒಂದು ಸೊರಬವು ಶಿಕಾರಿಪುರವನ್ನು ಬಲ್ಲದು, ಉಳವಿಯನ್ನರಿಯದು. ಇನ್ನೊಂದು ಉಳವಿಯನ್ನು ಬಲ್ಲದು, ಶಿಕಾರಿಪುರವನ್ನರಿಯದು. ಆರಕ್ಕೂ ಪ್ರೋಟೋಕಾಲನ್ನು ತೊಡಿಸಿದ್ದರೆ ಯಾವ ದೋಷಸೂಚನೆಯೂ ಬಾರದೆ ಪ್ರಯೋಗವು ಕೊನೆಗಾಣುವುದು. ಕಳುಹಿಸಿದುದಕ್ಕೆ ದಾಖಲೆಯಿರುವುದು, ತಲಪಿದುದಕ್ಕಿರುವುದಿಲ್ಲ. ಹಾದಿಯೇ ಇಲ್ಲದುದನ್ನು ಕಾಣದೆ, ಪ್ಯಾಕೆಟ್ಟು ನಷ್ಟವಾಯಿತೆಂದು ಎಣಿಸಿ, ಪರೀಕ್ಷೆಗೊಳಗಾದ ನಿಯಮದ ಮೇಲೆ ದೋಷವನ್ನು ಹೊರಿಸುವ ಸಂಭವವುಂಟು.

ಯುಕ್ತವಾಗಿ ರಚಿಸಿದ ಜಾಲದ ಫಲವನ್ನಾದರೋ ಕೈಲೆಕ್ಕದಿಂದಲೇ ಪರೀಕ್ಷಿಸಬಹುದು. ಎನ್.ಎಸ್.-೩ರ ಬಾಲಬೋಧೆಯ ಮೊದಲ ಪಾಠದಲ್ಲಿ ಎರಡು ಗ್ರಂಥಿಗಳಿರುವುವು. ನಡುವಣ ಸಂಪರ್ಕವು ಸೆಕೆಂಡಿಗೆ ೫೦ ಲಕ್ಷ ಬಿಟ್ಟುಗಳದು, ಸಂಚಾರವಿಳಂಬವು ೨ ಮಿಲಿಸೆಕೆಂಡು. ಎರಡನೆಯ ಸೆಕೆಂಡಿನಲ್ಲಿ ೧೦೨೪ ಬೈಟುಗಳ ಸಂದೇಶವು ಹೊರಡುವುದು. ಅದಕ್ಕೆ ಯು.ಡಿ.ಪಿ. ಶಿರೋಭಾಗದ ೮, ಐ.ಪಿ.ಯ ೨೦, ಪಿ.ಪಿ.ಪಿ.ಯ ೨ ಬೈಟುಗಳು ಕೂಡಿ ೧೦೫೪ ಆಗುವುವು. ಎಂದರೆ ೮೪೩೨ ಬಿಟ್ಟುಗಳು. ಇವು ತಂತಿಗೇರಲು ೧.೬೮೬೪ ಮಿಲಿಸೆಕೆಂಡು, ಸಂಚಾರಕ್ಕೆ ೨, ಒಟ್ಟು ೩.೬೮೬೪. ತಂತ್ರಾಂಶವು ಸಂದೇಶವು ತಲಪಿದ ಕಾಲವನ್ನು ೨.೦೦೩೬೯ ಸೆಕೆಂಡೆಂದು ಮುದ್ರಿಸುವುದು. ಲೆಕ್ಕವೂ ಯಂತ್ರವೂ ಒಪ್ಪುವುವು.

ಗ್ರಂಥಿಗೆ ಹೆಸರಿಡುವ ಅವಕಾಶವೂ ಎನ್.ಎಸ್.-೩ರಲ್ಲಿ ಉಂಟು. ಆದರೆ ಹೆಸರು ಐಚ್ಛಿಕ, ಸಂಖ್ಯೆಯು ಅನಿವಾರ್ಯ. ಒಂದೇ ಹೆಸರನ್ನು ಎರಡು ಗ್ರಂಥಿಗಳಿಗಿಡಲು ತಂತ್ರಾಂಶವು ಒಪ್ಪುವುದಿಲ್ಲ. ಭೂಮಿಯ ಮೇಲೆ ಎರಡು ಉಳವಿಗಳು ನೆಮ್ಮದಿಯಾಗಿರಬಹುದು. ಈ ಯಂತ್ರದೊಳಗೆ ಅವುಗಳಿಗೆ ಸೊರಬದ ಉಳವಿ, ಜೋಯಿಡಾದ ಉಳವಿ ಎಂದು ವಿಶೇಷಣಗಳನ್ನು ಕೂಡಿಸದೆ ಗತಿಯಿಲ್ಲ.

೬

ಈ ವಿದ್ಯೆಯಲ್ಲಿ ಕರ್ನಾಟಕದ ಪಾಲನ್ನೂ ಇಲ್ಲಿ ಹೇಳಬೇಕು. ೧೯೬೦ರಲ್ಲಿ ಕರ್ನಾಟಕ ಪ್ರಾದೇಶಿಕ ಇಂಜನಿಯರಿಂಗ್ ಕಾಲೇಜೆಂದು ಸ್ಥಾಪಿತವಾಗಿ ೨೦೦೨ರಲ್ಲಿ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಾದ ಸುರತ್ಕಲ್ಲಿನ ವಿದ್ಯಾಲಯವು ಇದಕ್ಕೆ ಮುಖ್ಯಕೇಂದ್ರ. ಅಲ್ಲಿನ ಅಧ್ಯಾಪಕರಾದ ಮೋಹಿತ್ ತಹಿಲಿಯಾನಿಯವರೂ ಅವರ ವಿದ್ಯಾರ್ಥಿಗಳೂ ಪ್ಯಾಕೆಟ್ಟುಗಳ ಸರದಿಯನ್ನು ನಿರ್ವಹಿಸುವ ಕೆಲವು ಮಾದರಿಗಳನ್ನು ಎನ್.ಎಸ್.-೩ಕ್ಕೆ ಸೇರಿಸಿರುವರು. ೨೦೦೯ರಲ್ಲಿ ರೋಮ್ ನಗರದಲ್ಲಿ ಮೊದಲಾದ ಎನ್.ಎಸ್.-೩ರ ವಾರ್ಷಿಕ ವಿದ್ವದ್ಗೋಷ್ಠಿಯು ೨೦೧೮ರ ಜೂನ್ ತಿಂಗಳಲ್ಲಿ ಸುರತ್ಕಲ್ಲಿನಲ್ಲಿ ಸೇರಿದ್ದಿತು.

ಇದೇ ಸಂಸ್ಥೆಯಿಂದ ೨೦೨೦ರಲ್ಲಿ ಹೊರಬಂದ 'ನೆಸ್ಟ್' ಎಂಬ ಸಾಧನವು ಗ್ರಂಥಿಸೃಷ್ಟಿಯ ಚರಿತ್ರೆಯಲ್ಲಿ ಇನ್ನೊಂದು ಹೆಜ್ಜೆ. ಇಲ್ಲಿ ಗ್ರಂಥಿಯು ಕಲ್ಪಿತವಸ್ತುವಲ್ಲ. 'ಲಿನಕ್ಸ್' ವ್ಯವಸ್ಥೆಯೊಳಗೆ ಪ್ರತ್ಯೇಕವಾಗಿ ಕಟ್ಟಿಕೊಟ್ಟ ನಿಜವಾದ ಜಾಲಾವರಣ. ಅದರ ಮೂಲಕ ಹರಿಯುವುದು ನಿಜವಾದ ಪ್ರೋಟೋಕಾಲಿನ ನಿಜವಾದ ಪ್ಯಾಕೆಟ್ಟು. ಆದಕಾರಣ ಇದನ್ನು ಅನುಕರಣವೆನ್ನುವುದಕ್ಕಿಂತ ಪ್ರತಿರೂಪಣವೆನ್ನುವುದು ಮೇಲು. 'ಪೈಥಾನ್' ಭಾಷೆಯಲ್ಲಿ 'ನೋಡ್' ಎಂದು ಬರೆದು ಆವರಣದೊಳಗೆ ಹೆಸರನ್ನಿತ್ತರೆ ಸಾಕು; ಗ್ರಂಥಿಯು ಸಿದ್ಧ. 'ಕನೆಕ್ಟ್' ಎಂಬ ವಚನದಿಂದ ಎರಡನ್ನು ಕೂಡಿಸಿದರೆ ಸಂಪರ್ಕದ ಎರಡು ತುದಿಗಳು ಕೈಗೆ ದೊರೆಯುವುವು. ವಿಳಾಸವನ್ನು ಆ ತುದಿಗಳಿಗೆ ಕೊಡಬೇಕು. ಎನ್.ಎಸ್.-೩ರಲ್ಲಿ ಐಚ್ಛಿಕವಾಗಿದ್ದ ಹೆಸರು ಇಲ್ಲಿ ಸೃಷ್ಟಿಯ ಅಂಗವೇ ಆಯಿತು. ಯಂತ್ರದ ನಿಜವಾದ ವ್ಯವಸ್ಥೆಯನ್ನೇ ಬಳಸುವುದರಿಂದ ಇದನ್ನು ನಡೆಸಲು ಪರಮಾಧಿಕಾರವು ಬೇಕು. ಪ್ರಯೋಗವು ಮುಗಿದೊಡನೆ ಸೃಷ್ಟಿಸಿದುದನ್ನೆಲ್ಲ ಸಾಧನವು ತಾನೇ ಅಳಿಸಿಹಾಕುವುದು.

ಕೊಲಂಬಿಯದ ನೆಸ್ಟ್ ಈ ಪರಂಪರೆಯ ಆದಿಯಲ್ಲಿದೆ, ಸುರತ್ಕಲ್ಲಿನ ನೆಸ್ಟ್ ಅದರ ಇತ್ತೀಚಿನ ಕೊಂಬೆಗಳಲ್ಲೊಂದು. ಎರಡು ಉಳವಿಗಳಂತೆಯೇ ಇವಕ್ಕೂ ಹೆಸರಿನ ಸಾಮ್ಯವಷ್ಟೇ ಇರುವುದು, ಸಂತತಿಯ ಸಂಬಂಧವಿಲ್ಲ. ಮುಂದಿನ ಚರಿತ್ರಕಾರರು ಇವೆರಡನ್ನು ಒಂದುಮಾಡದಂತೆ ಈಗಲೇ ಹೇಳಿಡುವುದು ಒಳ್ಳೆಯದು.

೭

ಇದುವರೆಗಿನ ವಿಚಾರದಿಂದ ಏರ್ಪಡುವ ಸಾರಾಂಶವನ್ನು ಹೀಗೆ ಹೇಳಬಹುದು. 'ರಿಯಲ್'ನಲ್ಲಿ ಗ್ರಂಥಿಯು ವರ್ಣನೆಯಿಂದ ಹುಟ್ಟಿತು, ಎನ್.ಎಸ್.-೨ರಲ್ಲಿ ಸಿಮ್ಯುಲೇಟರಿನ ಆಜ್ಞೆಯಿಂದ ಹುಟ್ಟಿ ಪಟ್ಟಿಯನ್ನೇರಿತು, ನಿಸ್ತಂತುಜಾಲಗಳ ಕಾಲದಲ್ಲಿ ಗುಣನಿರ್ದೇಶವೂ ಸೃಷ್ಟಿಯೂ ಬೇರೆಯಾದುವು, ಎನ್.ಎಸ್.-೩ರಲ್ಲಿ ಸೃಷ್ಟಿಯೂ ಸೇರ್ಪಡೆಯೂ ಬೇರೆಯಾದುವು. ನೆಸ್ಟಿನಲ್ಲಿ ಗ್ರಂಥಿಯು ಯಂತ್ರದ ನಿಜಾಂಗವಾಯಿತು. ಪ್ರತಿ ಘಟ್ಟದಲ್ಲಿಯೂ ಯುಕ್ತವಚನವು ಬದಲಾಗಿದೆ. ಬದಲಾಗದೆ ಉಳಿದಿರುವುದು, ಗ್ರಂಥಿಗೆ ಅಸ್ತಿತ್ವ, ದಾಖಲೆ, ಗುರುತು ಈ ಮೂರೂ ಒಟ್ಟಿಗೆ ಒದಗಬೇಕೆಂಬ ನಿಯಮ.

ಇದನ್ನು ಕಡೆಗಣಿಸುವುದರಿಂದ ಆಗುವ ಹಾನಿಯು ಒಬ್ಬ ವಿದ್ಯಾರ್ಥಿಯ ಒಂದು ದಿನದ ಶ್ರಮಕ್ಕೆ ಮುಗಿಯತಕ್ಕದ್ದಲ್ಲ. ಸ್ಟುವರ್ಟ್ ಕುರ್ಕೌಸ್ಕಿ, ಟ್ರೇಸಿ ಕ್ಯಾಂಪ್, ಮೈಕೇಲ್ ಕೊಲಗ್ರೊಸೊ ಎಂಬವರು ನಿಸ್ತಂತುಜಾಲಗಳ ಪ್ರತಿಷ್ಠಿತವಾದ 'ಮೊಬಿಹಾಕ್' ಸಮ್ಮೇಳನದಲ್ಲಿ ೨೦೦೦ದಿಂದ ೨೦೦೫ರವರೆಗೆ ಪ್ರಕಟವಾದ ೧೫೧ ಪ್ರಬಂಧಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ೧೧೪ ಅನುಕರಣವನ್ನು ಆಶ್ರಯಿಸಿದ್ದುವು. ಇನ್ನೊಬ್ಬರು ಮತ್ತೆ ಮಾಡಿನೋಡಬಹುದಾದವು ನೂರಕ್ಕೆ ೧೫ಕ್ಕಿಂತಲೂ ಕಡಿಮೆಯೆಂದು ಅವರು ಕಂಡರು. ಕಾರಣಗಳು ಹಲವು, ಗ್ರಂಥಿಸೃಷ್ಟಿಯ ದೋಷವೊಂದೇ ಕಾರಣವೆಂದು ಯಾರೂ ಹೇಳರು. ಆದರೆ ಪ್ರಯೋಗವನ್ನು ಹೇಗೆ ಕಟ್ಟಿದರೆಂಬುದನ್ನು ಹೇಳದೆ ಫಲವನ್ನು ಮಾತ್ರ ಹೇಳುವ ಅಭ್ಯಾಸವು ಇಂತಹ ದೋಷಗಳಿಗೆಲ್ಲ ಆಶ್ರಯವಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ.

ಶಾಸನಪಾಠದಲ್ಲಿ ಒಂದು ಅಕ್ಷರವನ್ನು ತಪ್ಪಾಗಿ ಓದಿದರೆ ಕಲ್ಲು ಪ್ರತಿಭಟಿಸುವುದಿಲ್ಲ; ಆ ತಪ್ಪಿನ ಮೇಲೆ ಒಂದು ವಂಶಾವಳಿಯೇ ಕಟ್ಟಲ್ಪಡಬಹುದು. ಗ್ರಂಥಿಯನ್ನು ಅಯುಕ್ತವಾಗಿ ಸೃಷ್ಟಿಸಿದಾಗಲೂ ಯಂತ್ರವು ಎಲ್ಲ ವೇಳೆಯಲ್ಲಿಯೂ ಪ್ರತಿಭಟಿಸುವುದಿಲ್ಲ. ಪಾಠಾಂತರಗಳನ್ನು ಅಡಿಯಲ್ಲಿ ಕೊಟ್ಟು ಓದುಗನ ಪರೀಕ್ಷೆಗೆ ಒಡ್ಡುವ ಸಂಪಾದಕನ ಶೀಲವೇ ಇಲ್ಲಿಯೂ ಬೇಕಾದುದು. ಗ್ರಂಥಿಗಳು ಎಷ್ಟು, ಯಾವ ವಚನದಿಂದ, ಯಾವ ಕ್ರಮದಲ್ಲಿ ಹುಟ್ಟಿದುವು, ಯಾವುವು ಎರಡು ಸಂಪುಟಗಳಿಗೆ ಸಾಮಾನ್ಯ ಎಂಬ ನಾಲ್ಕು ಸಂಗತಿಗಳನ್ನು ಪ್ರಬಂಧದೊಡನೆ ಕೊಟ್ಟರೆ, ಇನ್ನೊಬ್ಬನು 'ಇಲ್ಲಿ ಸೊರಬವು ಒಂದೋ ಎರಡೋ' ಎಂದು ಎಣಿಸಿ ನೋಡಬಲ್ಲನು.